ಹೊತ್ತು ಮುಳುಗುವುದಕ್ಕೆ ಹತ್ತು ನಿಮಿಷ

ಫುಟ್‌ಬಾಲ್ ಎಂದರೆ ನನಗೆ ಮೊದಲೆಲ್ಲ ಸಿಟ್ಟೇ ಬರುತ್ತಿತ್ತು. ಉಗಾರ ಖುರ್ದದ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಲಿಸಿದವಳು ನಾನು. ಶಾಲೆಯ ಹಂಚು ಒಡೆದದ್ದು, ಕುಡಿಯುವ ನೀರಿನ ಕೊಡ ಉರುಳಿದ್ದು, ನನ್ನ ಕನ್ನಡಕ ಎರಡು ಸಲ ಮುರಿದದ್ದು, ಎಲ್ಲವೂ ಆ ಹಾಳು ಚೆಂಡಿನಿಂದಲೇ. ನಿವೃತ್ತಿಯ ದಿನ ಶಾಲು ಹೊದಿಸಿಕೊಂಡು ಕುಳಿತಾಗ, ಇನ್ನಾದರೂ ಈ ಚೆಂಡಿನ ಕಾಟ ತಪ್ಪಿತು ಎಂದುಕೊಂಡಿದ್ದೆ. ಒಂದೆರಡು ವರ್ಷ ತಪ್ಪಿತ್ತು ಕೂಡ.

ಕಾಟವನ್ನು ಮತ್ತೆ ಊರಿಗೆ ತಂದವನು ನನ್ನ ಕೈಯಲ್ಲೇ ಎರಡನೇ ಇಯತ್ತೆ ಕಲಿತ ಹುಡುಗ. ಮೂರರ ಮಗ್ಗಿ ಒಪ್ಪಿಸು ಎಂದರೆ ಕಿಟಕಿಯ ಹೊರಗೆ ನೋಡುತ್ತಿದ್ದ. ಮುಂದೆ ಕಾಲೇಜಿಗೆಂದು ಕೊಲ್ಲಾಪುರಕ್ಕೆ ಹೋದ. ಅಲ್ಲಿನವರಿಗೆ ಫುಟ್‌ಬಾಲ್ ಹುಚ್ಚು ಎಂಥದೆಂದು ಗಡಿಯ ಈಚೆಗಿರುವ ನಮಗೆ ಯಾರೂ ಹೇಳಬೇಕಾಗಿಲ್ಲ. ಆ ಹುಚ್ಚು ಹತ್ತಿಸಿಕೊಂಡು ಬಂದ, ಹತ್ತಿರದ ಹೈಸ್ಕೂಲಿನಲ್ಲಿ ಆಟದ ಮಾಸ್ತರನಾದ, ಸಕ್ಕರೆ ಕಾರ್ಖಾನೆಯ ಕಬ್ಬಿನ ಟ್ರ್ಯಾಕ್ಟರುಗಳು ಸಾಲು ನಿಲ್ಲುವ ಬಯಲಿನ ಪಕ್ಕದಲ್ಲೇ ಒಂದು ಜಾಗ ಹಸನು ಮಾಡಿ ಮಕ್ಕಳ ಕ್ಲಬ್ಬು ತೆಗೆದ. ಅವನೇ ಕೋಚ್. ಮಕ್ಕಳೆಲ್ಲ ಅವನನ್ನು ಸರ್ ಎನ್ನುತ್ತಾರೆ. ಅವನಿಗೆ ನಾನು ಈಗಲೂ ಶಾಲೆಯ ಅಕ್ಕೋರು, ನಾನು ಅವನನ್ನು ತಮ್ಮಾ ಎಂದೇ ಕರೆಯುತ್ತೇನೆ.

ಕ್ಲಬ್ಬಿನಲ್ಲಿ ಎರಡು ಭಾಗ. ಒಂದು ರವಿವಾರದ ಗುಂಪು. ಅದಕ್ಕೆ ಯಾರು ಬೇಕಾದರೂ ಬರಬಹುದು. ಬೂಟು ಇದ್ದವರು, ಇಲ್ಲದವರು, ಚೆಂಡಿಗಿಂತ ಸ್ವಲ್ಪವೇ ಎತ್ತರ ಇರುವವರು, ಹಂಗಾಮಿನಲ್ಲಿ ಕಬ್ಬು ಕಡಿಯಲು ಬಂದವರ ಮಕ್ಕಳು, ಎಲ್ಲರೂ ಬರುತ್ತಾರೆ. ಒಂದೇ ಕಡೆ ಇಪ್ಪತ್ತು ಮಂದಿ ಆಡಿದರೂ ಯಾರೂ ಕೇಳುವುದಿಲ್ಲ. ಎಷ್ಟು ಗೋಲು ಆಯಿತೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಇನ್ನೊಂದು ತಂಡ. ಅದಕ್ಕೆ ಆಯ್ಕೆಯಾಗಬೇಕು, ವಾರಕ್ಕೆ ನಾಲ್ಕು ಸಂಜೆ ಬರಬೇಕು, ಹೇಳದೆ ಒಂದು ದಿನ ತಪ್ಪಿಸಿದರೆ ಮುಂದಿನ ಪಂದ್ಯದಲ್ಲಿ ಹೊರಗೆ ಕೂರಬೇಕು. ರವಿವಾರದ ಗುಂಪಿನಿಂದ ತಂಡಕ್ಕೆ ಹೋಗುವುದೆಂದರೆ ಈ ಮಕ್ಕಳಿಗೆ ದೊಡ್ಡ ಮಾತು. ತಂಡದಿಂದ ತಿರುಗಿ ರವಿವಾರದ ಗುಂಪಿಗೆ ಬರುವುದೆಂದರೆ, ಮೂಗು ಕೊಯ್ದ ಹಾಗೆ.

ನನ್ನ ಮೊಮ್ಮಗಳು ಎರಡು ವರ್ಷ ರವಿವಾರದ ಗುಂಪಿನಲ್ಲಿ ಆಡಿ, ಹನ್ನೆರಡು ತುಂಬಿದಾಗ ಹುಡುಗಿಯರ ತಂಡಕ್ಕೆ ಆಯ್ಕೆಯಾದಳು. ಎಡಗಾಲಿನವಳು. ಎಡಗೈಯಲ್ಲಿ ಬರೆಯುತ್ತಾಳೆಂದು ನಾನೇ ಚಿಕ್ಕಂದಿನಲ್ಲಿ ಬೈದಿದ್ದೆ, ಆಮೇಲೆ ಬೈದದ್ದಕ್ಕೆ ನಾಚಿಕೊಂಡಿದ್ದೆ. ಎಡಗಾಲಿನಿಂದ ಒದೆಯುವವರು ಸಿಗುವುದು ಅಪರೂಪವಂತೆ, ಅದಕ್ಕೇ ಅವಳನ್ನು ಎಡಬದಿಯಲ್ಲಿ ಗೋಲು ಕಾಯುವವಳ ಮುಂದೆ ನಿಲ್ಲಿಸಿದರು. ಅಂದು ಸಂಜೆ ನಮ್ಮ ಓಣಿಯಲ್ಲಿ ನಾನು ಮಾತಾಡಿಸದ ಮನೆ ಇರಲಿಲ್ಲ.

ತೊಡಕು ಬಂದದ್ದು ಊಟದಲ್ಲಿ. ನಾವು ಜೈನರು. ನಮ್ಮ ಮನೆಯಲ್ಲಿ ನಾನು ಮದುವೆಯಾಗಿ ಬಂದಾಗಿನಿಂದ ಹೊತ್ತು ಮುಳುಗಿದ ಮೇಲೆ ಊಟ ಮಾಡಿದವಳಲ್ಲ, ನೀರನ್ನೂ ಮುಟ್ಟಿದವಳಲ್ಲ. ಮಗ ಸೊಸೆಗೆ ಕಬ್ಬು, ದ್ರಾಕ್ಷಿ ಎಂದು ಹೊಲದ ಕೆಲಸ ಮುಗಿಯುವುದೇ ಕತ್ತಲಾದ ಮೇಲೆ. ಅವರಿಗೆ ನಾನು ಒತ್ತಾಯ ಮಾಡಲಿಲ್ಲ. ಆದರೆ ಹಿಂದಿನ ಚಾತುರ್ಮಾಸದಲ್ಲಿ ಮುನಿಗಳು ಬಸದಿಯಲ್ಲಿ ತಂಗಿದ್ದಾಗ, ನೆರೆದ ಮಂದಿಯ ನಡುವೆ ಈ ಹುಡುಗಿ ಎದ್ದು ನಿಂತು ಕೈಮುಗಿದು, ತಾನೂ ಇನ್ನು ರಾತ್ರಿ ಉಣ್ಣುವುದಿಲ್ಲ ಎಂದು ನಿಯಮ ತೆಗೆದುಕೊಂಡುಬಿಟ್ಟಳು. ನನಗೆ ಕಣ್ಣು ತುಂಬಿ ಬಂತು. ನನ್ನನ್ನು ನೋಡಿ ಕಲಿತಳು, ನನ್ನ ಹಿಂದೆ ಇದನ್ನು ಮುಂದುವರಿಸುವವಳು ಸಿಕ್ಕಳು ಎಂದು ಬಸದಿಯ ಮೆಟ್ಟಿಲಿನಲ್ಲೇ ನಾಲ್ಕು ಜನಕ್ಕೆ ಹೇಳಿದೆ.

ತಂಡದ ಅಭ್ಯಾಸ ಐದಕ್ಕೆ ಶುರುವಾಗಿ ಏಳರ ಹತ್ತಿರ ಮುಗಿಯುತ್ತದೆ. ಚಳಿಗಾಲದಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಎರಡು ತಾಸು ಓಡಿ ಬಂದ ಹುಡುಗಿ ಏನೂ ತಿನ್ನದೆ, ನೀರೂ ಕುಡಿಯದೆ ಬೆಳಗಿನ ತನಕ ಹೇಗಿರಬೇಕು? ವಾರ ಕಳೆಯುವುದರೊಳಗೆ ಕೋಚ್ ನಮ್ಮ ಮನೆಗೆ ಬಂದ. ಚಹಾ ಕುಡಿದ. ಬಾಗಿಲ ಕಡೆ ನೋಡುತ್ತ ಮಾತು ತೆಗೆದ.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಇದು ತಂಡದ ಆಟ. ಆಡಿದ ಮ್ಯಾಲ ಅರ್ಧಾ ತಾಸಿನ್ಯಾಗ ಹೊಟ್ಟಿಗೆ ಏನರ ಬೀಳಬೇಕ್ರಿ. ಇಲ್ಲಂದ್ರ ಒಂದಿನ ಚಕ್ಕರ್ ಬಂದು ಬೀಳತಾಳ. ಆವಾಗ ನನ್ನನ್ನ ಕೇಳತಾರ ಎಲ್ಲಾರೂ."

"ಅದಕ್ಕೇನ ಮಾಡಬೇಕಂತಿ?" ಎಂದೆ.

"ನಿಯಮಾ ಬಿಡ್ರಿ ಅಂತ ನಾ ಹೆಂಗ ಹೇಳ್ಲಿ. ರವಿವಾರದ ಗುಂಪಿನ್ಯಾಗ ಮುಂಜಾನಿ ಆಡ್ಲಿ. ಅಲ್ಲಿ ಏನೂ ತ್ರಾಸಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಮಗ್ಗಿ ಬಾರದವನು ನನಗೆ ಲೆಕ್ಕ ಹೇಳಲು ಬಂದನೇ ಎಂದುಕೊಂಡೆ. ಬಾಗಿಲ ಸಂದಿನಲ್ಲಿ ಮೊಮ್ಮಗಳು ನಿಂತಿದ್ದಳು. ಅಳುತ್ತಿರಲಿಲ್ಲ, ತುಟಿ ಕಚ್ಚಿ ಹಿಡಿದಿದ್ದಳು. ಅದನ್ನು ನೋಡಿದ ಮೇಲೆ ನಾನು ಸುಮ್ಮನಿರುವವಳಲ್ಲ. "ನಾಳಿಂದ ನಾ ಬರತೀನಿ ಮೈದಾನಕ್ಕ. ಹೊತ್ತ ಮುಳಗೂದಕ್ಕ ಹತ್ತ ನಿಮಿಷ ಇದ್ದಾಗ ಆಕಿನ್ನ ಬಿಡು. ಉಂಡು ಹೊಳ್ಳಿ ಬಂದು ಆಡತಾಳ. ಹತ್ತೇ ನಿಮಿಷ," ಎಂದೆ. ಅವನು, ವರ್ಷದ ಕೊನೆಗೆ ಬರುವ ಚಿಕ್ಕೋಡಿಯ ಪಂದ್ಯಾವಳಿ ಮುಗಿಯುವ ತನಕ ನೋಡೋಣ ಎಂದ. ಅಲ್ಲಿ ಎಲ್ಲ ಸರಿಹೋದರೆ ತಂಡ, ಇಲ್ಲವಾದರೆ ರವಿವಾರದ ಗುಂಪು. ಮಾತು ಅಲ್ಲಿಗೆ ನಿಂತಿತು.

ಮರುದಿನದಿಂದ ನನ್ನ ನೌಕರಿ ಮತ್ತೆ ಶುರುವಾಯಿತು. ಕ್ಯಾಲೆಂಡರಿನಲ್ಲಿ ಸೂರ್ಯಾಸ್ತದ ಸಮಯ ನೋಡುವುದು, ಡಬ್ಬಿ ಕಟ್ಟುವುದು, ಕೊಡೆ ಹಿಡಿದು ಮೈದಾನಕ್ಕೆ ನಡೆಯುವುದು. ಡಬ್ಬಿಯಲ್ಲಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಹತ್ತು ನಿಮಿಷ ಉಳಿದಾಗ ಸ್ಟೀಲಿನ ಮುಚ್ಚಳದ ಮೇಲೆ ಚಮಚದಿಂದ ಮೂರು ಸಲ ಬಾರಿಸುತ್ತಿದ್ದೆ. ಟಣ್ ಟಣ್ ಟಣ್. ಶಾಲೆಯ ಗಂಟೆ ಬಾರಿಸಿದ ಕೈ, ಸದ್ದು ದೂರಕ್ಕೆ ಕೇಳುತ್ತಿತ್ತು. ಮೊಮ್ಮಗಳು ಓಡಿಬಂದು, ಕೈತೊಳೆದು, ನಿಂತೇ ಉಂಡು, ಚೊಂಬು ನೀರು ಕುಡಿದು ಓಡುತ್ತಿದ್ದಳು.

ಮೊದಲು ಒಬ್ಬಳೇ ಉಣ್ಣುತ್ತಿದ್ದಳು. ಹದಿನೈದು ದಿನದಲ್ಲಿ ಆ ವಾಸನೆಗೆ ಇನ್ನಿಬ್ಬರು ಬಂದರು. ತಿಂಗಳೊಳಗೆ ಇಡೀ ತಂಡವೇ ತಮ್ಮ ತಮ್ಮ ಡಬ್ಬಿ ತಂದು, ನನ್ನ ಟಣ್ ಟಣ್ ಕೇಳಿದೊಡನೆ ಚೆಂಡು ಎಲ್ಲಿತ್ತೋ ಅಲ್ಲೇ ಬಿಟ್ಟು ಬರತೊಡಗಿತು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ನಮ್ಮ ಪಲ್ಯಕ್ಕೆ ಅಷ್ಟು ಬೇಡಿಕೆ ಬಂದೀತೆಂದು ನಾನು ಎಣಿಸಿರಲಿಲ್ಲ. ಕೋಚ್ ಮೊದಲು ಸೀಟಿ ಊದಿ ಗದರಿಸಿ ನೋಡಿದ. ಸೀಟಿಗಿಂತ ಮುಚ್ಚಳಕ್ಕೇ ಹುಡುಗಿಯರು ಬೇಗ ನಿಲ್ಲುತ್ತಾರೆಂದು ಗೊತ್ತಾದ ಮೇಲೆ ತಾನೂ ಬಂದು ಒಂದು ರೊಟ್ಟಿ ಸುತ್ತಿಕೊಂಡು ತಿನ್ನತೊಡಗಿದ. ಉಂಡು ಆಡಿದರೆ ಹೊಟ್ಟೆ ಹಿಡಿಯುತ್ತದೆಂದು ಆಮೇಲಿನ ಅರ್ಧ ತಾಸು ಓಟ ಬಿಟ್ಟು ಚೆಂಡು ಒದೆಯುವುದನ್ನಷ್ಟೇ ಕಲಿಸುತ್ತಿದ್ದ.

ಗೋಲು ಕಾಯುವವಳು ಕಾರ್ಖಾನೆಯ ಬಾಯ್ಲರಿನಲ್ಲಿ ಕೆಲಸ ಮಾಡುವ ಒಬ್ಬ ಸಾಬರ ಮಗಳು. ರಮಜಾನ್ ತಿಂಗಳು ಬಂದಾಗ ಮಜಾ ನೋಡಬೇಕಿತ್ತು. ನಮ್ಮವಳು ಸೂರ್ಯ ಮುಳುಗುವುದರೊಳಗೆ ಉಂಡು ಮುಗಿಸಬೇಕು, ಅವಳು ಸೂರ್ಯ ಮುಳುಗುವ ತನಕ ಬಾಯಿಗೆ ಏನೂ ಹಾಕುವಂತಿಲ್ಲ. ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತು ಪಶ್ಚಿಮಕ್ಕೆ ನೋಡುತ್ತಿದ್ದರು. ಒಬ್ಬಳು ನಿಲ್ಲಪ್ಪಾ ಎಂದು, ಒಬ್ಬಳು ಮುಳುಗಪ್ಪಾ ಎಂದು. ಕೋಚ್ ಹಣೆ ಹಣೆ ಬಡಿದುಕೊಂಡು, "ನಂದು ಫುಟ್‌ಬಾಲ್ ಕ್ಲಬ್ಬೋ, ಪಂಚಾಂಗದ ಅಂಗಡಿಯೋ?" ಎನ್ನುತ್ತಿದ್ದ. ಆದರೆ ಆ ತಿಂಗಳು ಅವಳಿಗೂ ಹತ್ತು ನಿಮಿಷ ಕೊಟ್ಟ.

ಹೀಗೆ ಒಂದು ವರ್ಷದ ಹತ್ತಿರ ನಡೆಯಿತು. ಡಿಸೆಂಬರಿನಲ್ಲಿ ಚಿಕ್ಕೋಡಿಯ ಪಂದ್ಯಾವಳಿ ಬಂತು. ನಮ್ಮ ಹುಡುಗಿಯರು ಅಥಣಿಯ ತಂಡವನ್ನು ಸೋಲಿಸಿದರು, ರಾಯಬಾಗದವರನ್ನೂ ಸೋಲಿಸಿದರು. ಆ ಪಂದ್ಯಗಳು ಮಧ್ಯಾಹ್ನ ಇದ್ದುದರಿಂದ ಊಟದ ಮಾತೇ ಬರಲಿಲ್ಲ. ಕೊನೆಯ ಪಂದ್ಯ ನಿಪ್ಪಾಣಿಯ ತಂಡದ ಜೊತೆ, ಸಂಜೆ ನಾಲ್ಕಕ್ಕೆ. ನಾನು ಕ್ರೂಸರ್ ಗಾಡಿಯಲ್ಲಿ ಹುಡುಗಿಯರ ನಡುವೆ ತೂರಿಕೊಂಡು ಕುಳಿತೆ. ತೊಡೆಯ ಮೇಲೆ ಡಬ್ಬಿ.

ನಾಲ್ಕರ ಪಂದ್ಯ ನಾಲ್ಕಕ್ಕೆ ಶುರುವಾದರೆ ಅದು ನಮ್ಮ ನಾಡೇ ಅಲ್ಲ. ಮುಖ್ಯ ಅತಿಥಿ ಬರಬೇಕು, ಬಂದ ಮೇಲೆ ಶಾಲು ಹೊದಿಸಬೇಕು, ಹೊದಿಸಿಕೊಂಡವರು ಕ್ರೀಡೆಯ ಮಹತ್ವ ಹೇಳಬೇಕು. ಹುಡುಗಿಯರು ಬಿಸಿಲಿನಲ್ಲಿ ಸಾಲಾಗಿ ನಿಂತೇ ಇದ್ದರು. ಆಟ ಶುರುವಾದಾಗ ಐದೂವರೆ ದಾಟಿತ್ತು. ಕೋಚ್ ನನ್ನ ಬಳಿ ಬಂದು ಕೈಗಡಿಯಾರ ತೋರಿಸಿದ.

"ಅಕ್ಕೋರ, ಇಪ್ಪತ್ತೈದು ನಿಮಿಷದ ಮೊದಲನೇ ಭಾಗ. ಆರಕ್ಕ ಮುಗಿತೈತಿ. ಹೊತ್ತ ಮುಳಗೂದು ಆರ ಮ್ಯಾಲ ಐದು ನಿಮಿಷಕ್ಕ. ನಡುವ ಐದು ನಿಮಿಷ ಸಿಗತೈತಿ, ಆಕಿ ಉಣ್ಣತಾಳ. ಅಲ್ಲೀತನಕ ಸುಮ್ಮ ಕುಂದರ್ರಿ."

"ನನಗ ಟಾಯಮ್ ಹೇಳಿಕೊಡ್ತಿಯೇನೋ?" ಎಂದೆ. ಸುಮ್ಮನೆ ಕುಳಿತೆ. ಅಂದರೆ, ಕುಳಿತಿದ್ದೆ ಎಂದುಕೊಂಡಿದ್ದೆ.

ಗೆರೆಯ ಪಕ್ಕದಲ್ಲೇ ಕುರ್ಚಿ. ಎದುರಿಗೇ ಮೊಮ್ಮಗಳು ಆಡುತ್ತಿದ್ದಳು. ಆವತ್ತು ಅವಳು ಆಡಿದ್ದನ್ನು ಹೇಳಲು ನನಗೆ ಆಟದ ಭಾಷೆ ಬಾರದು. ನಿಪ್ಪಾಣಿಯ ಬಲಬದಿಯಲ್ಲಿ ಒಬ್ಬಳು ಉದ್ದ ಕಾಲಿನ ಹುಡುಗಿ, ಅವಳು ಎಷ್ಟು ಸಲ ನುಗ್ಗಿದಳೋ ಅಷ್ಟೂ ಸಲ ನಮ್ಮವಳು ಚೆಂಡು ಕಸಿದುಕೊಂಡಳು. ನನ್ನ ಪಕ್ಕದಲ್ಲಿ ನಮ್ಮ ತಂಡದ ಮುಂದಿನ ಸಾಲಿನ ಆಟಗಾರ್ತಿಯೊಬ್ಬಳ ತಂದೆ ನಿಂತಿದ್ದರು. ಕಾಗವಾಡದಲ್ಲಿ ಅಂಗಡಿ ಇಟ್ಟ ವ್ಯಾಪಾರಿ, ಗಂಟಲು ದೊಡ್ಡದು. ಅವರೇ, "ಅಕ್ಕೋರ, ನಿಮ್ಮ ಹುಡಿಗಿ ಗ್ವಾಡಿ ಆಗ್ಯಾಳ ನೋಡ್ರಿ," ಎಂದರು. ನನ್ನ ಎದೆ ಒಂದು ಗೇಣು ಉಬ್ಬಿತು.

ಆ ಉಬ್ಬಿನಲ್ಲೇ ಇದ್ದೆ, ಸೂರ್ಯನ ಕಡೆ ನೋಡಿದೆ. ಮೈದಾನದ ಆಚೆಗಿದ್ದ ಕಾಲೇಜಿನ ಕಟ್ಟಡದ ಹಿಂದೆ ಅರ್ಧ ಇಳಿದಿದ್ದ. ಗಡಿಯಾರ ಐದು ಐವತ್ತೈದು ತೋರಿಸುತ್ತಿತ್ತು. ಕಟ್ಟಡದ ಹಿಂದೆ ಇಳಿಯುವುದೂ ನೆಲದ ಹಿಂದೆ ಇಳಿಯುವುದೂ ಬೇರೆ ಎಂದು ಮಕ್ಕಳಿಗೆ ಭೂಗೋಳ ಕಲಿಸಿದ ನನಗೆ ಆ ಕ್ಷಣದಲ್ಲಿ ಹೊಳೆಯಲಿಲ್ಲ. ಕೋಚ್ ಹೇಳಿದ್ದೂ ಮರೆತುಹೋಯಿತು. ಹತ್ತು ನಿಮಿಷ ಉಳಿದಿದೆ ಎನ್ನುವುದೊಂದೇ ತಲೆಯಲ್ಲಿ. ವರ್ಷದಿಂದ ಪಳಗಿದ ಕೈ ತನ್ನ ಕೆಲಸ ತಾನು ಮಾಡಿತು. ಟಣ್ ಟಣ್ ಟಣ್.

ನಮ್ಮ ಹನ್ನೊಂದೂ ಹುಡುಗಿಯರು ನಿಂತುಬಿಟ್ಟರು. ಒಬ್ಬಳೂ ಬಿಡದೆ. ಗೋಲು ಕಾಯುವವಳು ಕೈಗವಸು ಬಿಚ್ಚತೊಡಗಿದಳು. ಮುಂದಿನ ಸಾಲಿನವಳು ನನ್ನ ಕಡೆ ನಾಲ್ಕು ಹೆಜ್ಜೆ ಹಾಕಿಯೂ ಬಿಟ್ಟಿದ್ದಳು. ನಿಪ್ಪಾಣಿಯ ಹುಡುಗಿಯರಿಗೆ ಮುಚ್ಚಳದ ಸದ್ದು ಏನು ಗೊತ್ತು? ಉದ್ದ ಕಾಲಿನವಳು ಚೆಂಡು ತಳ್ಳಿಕೊಂಡು ನಡೆಯುತ್ತಲೇ ಹೋಗಿ, ಬರಿದಾದ ಜಾಗದಲ್ಲಿ, ನಿಧಾನವಾಗಿ ಒಳಗೆ ದೂಡಿದಳು. ಗೋಲು.

ನಮ್ಮವರು ಕೂಗಾಡಿದರು. ರೆಫರಿ ತಾನು ಸೀಟಿ ಊದಿಲ್ಲ, ಗೋಲು ಗೋಲೇ ಎಂದ. ಕೋಚ್ ಒಳಗೆ ಓಡಿದ. ಯಾರೋ ಏನೋ ಬಾರಿಸಿದರು, ಮಕ್ಕಳು ಅದಕ್ಕೆ ನಿಂತರು ಎಂದ. ಅವನಿಗೆ ಯಾರು ಬಾರಿಸಿದ್ದೆಂದು ಗೊತ್ತಿತ್ತು. ನನ್ನ ಹೆಸರು ಹೇಳಲಿಲ್ಲ, ಅಷ್ಟೆ. ಅಷ್ಟರಲ್ಲಿ ಪಕ್ಕದ ವ್ಯಾಪಾರಿ, ಆಟ ನೋಡುವುದರಲ್ಲಿ ಮುಳುಗಿ ಸದ್ದು ಯಾವ ಕಡೆಯದೆಂದು ಗಮನಿಸದೇ ಇದ್ದವರು, ದೊಡ್ಡ ಗಂಟಲು ತೆಗೆದರು. "ನಿಪ್ಪಾಣಿಯವರು ಬಾರಿಸ್ಯಾರ್ರಿ! ನಮ್ಮ ಹುಡುಗ್ಯಾರನ್ನ ನಿಂದರಸಾಕ ಮುದ್ದಾಮ ಬಾರಿಸ್ಯಾರ!" ನಿಪ್ಪಾಣಿಯ ಪಾಲಕರು ಮರಾಠಿಯಲ್ಲಿ ತಿರುಗಿಬಿದ್ದರು. ರೆಫರಿ, ಹಾಗೆ ಬೇಕೆಂದೇ ಮಾಡಿದ್ದಾದರೆ ಗೋಲು ರದ್ದು ಮಾಡುತ್ತೇನೆ ಎಂದು, ಗೆರೆಯ ಸುತ್ತ ನಿಂತವರನ್ನೆಲ್ಲ ನೋಡುತ್ತ ಕೇಳಿದ: "ಯಾರ್ ಬಾರಿಸಿದ್ರಿ? ಹೇಳ್ರಿ."

ಚಮಚ ನನ್ನ ಸೆರಗಿನ ಒಳಗಿತ್ತು. ಅದು ಅಲ್ಲಿಗೆ ಯಾವಾಗ ಹೋಯಿತೋ ನನಗೇ ತಿಳಿಯದು. ಸುಳ್ಳು ಹೇಳಬಾರದು ಎಂದು ಸಾವಿರ ಸಲ ಕಾಪಿ ಬರೆಸಿದವಳು, ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಹೇಳಿದರೆ ಗೋಲು ನಿಲ್ಲುತ್ತದೆ, ಕಪ್ ಹೋಗುತ್ತದೆ, ನಿಮ್ಮ ನಿಯಮದಿಂದಲೇ ಆಯಿತೆಂದು ಹುಡುಗಿಯನ್ನು ತಂಡದಿಂದ ತೆಗೆಯುತ್ತಾರೆ. ಸುಮ್ಮನಿದ್ದರೆ ಎಲ್ಲ ಉಳಿಯುತ್ತದೆ. ಇಷ್ಟೂ ಲೆಕ್ಕ ಕಣ್ಣು ಮಿಟುಕಿಸುವುದರೊಳಗೆ ಹಾಕಿದ್ದೆ.

ಮೊಮ್ಮಗಳು ಆ ಕಡೆಯಿಂದ ನಡೆದು ಬಂದಳು. ಓಡಲಿಲ್ಲ. ರೆಫರಿಯ ಮುಂದೆ ನಿಂತು ಕೈ ಹಿಂದೆ ಕಟ್ಟಿಕೊಂಡಳು. ನಾನು ಶಾಲೆಯಲ್ಲಿ ಮಕ್ಕಳನ್ನು ನಿಲ್ಲಿಸುತ್ತಿದ್ದ ರೀತಿಯೇ ಅದು.

"ನಮ್ಮ ಆಯಿ ಬಾರಿಸಿದ್ರಿ ಸರ್. ನಿಪ್ಪಾಣಿಯವರು ಅಲ್ಲ. ಅಭ್ಯಾಸದಾಗ ಆ ಸಪ್ಪಳಕ್ಕ ನಾವು ಉಣ್ಣಾಕ ನಿಲ್ಲತೀವ್ರಿ. ಇದು ಮ್ಯಾಚ್ ಅನ್ನೂದು ನಮಗ ತಿಳೀಬೇಕಿತ್ತು. ಗೋಲ್ ಖರೇ ಐತ್ರಿ."

ಮೈದಾನವೆಲ್ಲ ನನ್ನ ಕಡೆ ತಿರುಗಿತು. ನಾನು ಸೆರಗಿನಿಂದ ಚಮಚ ಹೊರಗೆ ತೆಗೆದು ತೋರಿಸಿದೆ. ಬೇರೆ ಏನು ಮಾಡಲಿ? ನಿಪ್ಪಾಣಿಯ ಕಡೆಯಿಂದ ಒಬ್ಬ ಹೆಂಗಸು ಕಿಸಕ್ಕನೆ ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ರೆಫರಿಯೂ ಮುಖ ಆ ಕಡೆ ಮಾಡಿಕೊಂಡ. ನನ್ನ ಪಕ್ಕದ ವ್ಯಾಪಾರಿ ಮಾತ್ರ ನಗಲಿಲ್ಲ. ಸುಮ್ಮಸುಮ್ಮನೆ ಪರರ ಮೇಲೆ ಹರಿಹಾಯ್ದ ಅವಮಾನ ಅವರದು.

ಈ ಗದ್ದಲದಲ್ಲಿ ಹೋದ ನಿಮಿಷಗಳನ್ನು ರೆಫರಿ ಆಟಕ್ಕೆ ಸೇರಿಸಿದ. ಮೊದಲ ಭಾಗ ಮುಗಿದಾಗ ಆರೂ ಹತ್ತು. ಸೂರ್ಯ ಮುಳುಗಿ ಐದು ನಿಮಿಷವಾಗಿತ್ತು. ನಾನು ಬಾರಿಸದೆ ಕುಳಿತಿದ್ದರೆ ಅವಳು ಉಂಡಿರುತ್ತಿದ್ದಳು. ಮಾಡಿದ್ದುಣ್ಣೋ ಮಾರಾಯ ಎನ್ನುತ್ತಾರೆ, ಇಲ್ಲಿ ಮಾಡಿದವಳು ನಾನು, ಉಣ್ಣದೆ ಉಳಿದವಳು ಅವಳು. ಉಳಿದ ಹುಡುಗಿಯರು ನೀರು, ಬಾಳೆಹಣ್ಣು ಎಂದು ಮುಗಿಬಿದ್ದರು. ಇವಳು ಬೂಟಿನ ಲಾಡಿ ಬಿಗಿದು, ಗೋಲು ಕಾಯುವವಳ ಬೆನ್ನು ತಟ್ಟಿ, ಮತ್ತೆ ಒಳಗೆ ಹೋದಳು. ನನ್ನ ಕಡೆ ನೋಡಲಿಲ್ಲ.

ದೀಪ ಹಾಕಿ ಎರಡನೇ ಭಾಗ ಆಡಿಸಿದರು. ಕೋಚ್ ಬದಲಿ ಹುಡುಗಿಯನ್ನು ಎಬ್ಬಿಸಿ ತಯಾರು ನಿಲ್ಲಿಸಿಕೊಂಡಿದ್ದ, ಇವಳು ತೂರಾಡಿದರೆ ಕರೆಯಲು. ನಾನೂ ಅವನೂ ಚೆಂಡು ಬಿಟ್ಟು ಅವಳನ್ನೇ ನೋಡುತ್ತಿದ್ದೆವು. ಅವಳು ತೂರಾಡಲಿಲ್ಲ. ಗೋಲಿನ ಗೆರೆಯ ಮೇಲಿಂದ ಎರಡು ಸಲ ಚೆಂಡು ಒದ್ದು ಹೊರಹಾಕಿದಳು. ಕೊನೆಯ ನಿಮಿಷದಲ್ಲಿ ಉದ್ದ ಕಾಲಿನವಳ ಹಿಂದೆ ಇಡೀ ಮೈದಾನ ಓಡಿ ಅವಳನ್ನು ಹಿಡಿದಳು. ಬದಲಿ ಹುಡುಗಿ ಕೊನೆಗೆ ತಾನೇ ಹೋಗಿ ಕುಳಿತುಕೊಂಡಳು. ನಾವು ಒಂದು ಗೋಲಿನಿಂದ ಸೋತೆವು. ಆ ಗೋಲು ಯಾರದೆಂದು ಎಲ್ಲರಿಗೂ ಗೊತ್ತಿತ್ತು.

ಬರುವ ದಾರಿಯಲ್ಲಿ ಗಾಡಿ ನಿಲ್ಲಿಸಿ ಹುಡುಗಿಯರು ವಡಾಪಾವ್ ತಿಂದರು. ಸೋತ ಅಳು ಮೊದಲ ಬುಟ್ಟಿ ಖಾಲಿಯಾಗುವುದರೊಳಗೆ ಮುಗಿಯಿತು. ಇವಳು ಅವರ ನಡುವೆ ಕುಳಿತು, ನಾನು ಚಮಚ ತೋರಿಸಿದ್ದನ್ನು ಅಭಿನಯಿಸಿ ನಗಿಸುತ್ತಿದ್ದಳು. ನಾನು ಗಾಡಿಯಲ್ಲೇ ಕುಳಿತಿದ್ದೆ. ನಾಚಿಕೆ, ಸಿಟ್ಟು, ಅದರ ಮೇಲೆ ತಡೆಯಲಾರದ ಹೆಮ್ಮೆ. ಮೂರೂ ಒಟ್ಟಿಗೆ ಬಂದರೆ ಮನುಷ್ಯರು ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿಲ್ಲ.

ಮನೆಗೆ ಬಂದ ಮೇಲೆ ಅವಳನ್ನು ಬಳಿಗೆ ಕರೆದೆ. ನನ್ನ ಬಾಯಿಂದ ಆ ಮಾತು ಬಂದೀತೆಂದು ಎಂದೂ ತಿಳಿದಿರಲಿಲ್ಲ. "ಮ್ಯಾಚ್ ಇದ್ದ ದಿನ ಉಂಡಬಿಡವ್ವಾ. ನೀರ ಕುಡಿ. ಪಾಪ ಏನರ ಇದ್ರ ನನಗ ಬರ್ಲಿ," ಎಂದೆ. ಅವಳು, "ನಿದ್ದಿ ಬರಾಕತ್ತೈತಿ ಆಯಿ," ಎಂದು ಎದ್ದು ಹೋದಳು.

ಮುಂದಿನ ರವಿವಾರ ಪಾಲಕರ ಸಭೆ. ಮೈದಾನದ ಬೇವಿನ ಗಿಡದ ಕೆಳಗೆ ಹತ್ತು ಹನ್ನೆರಡು ಮಂದಿ, ಆಚೆ ರವಿವಾರದ ಗುಂಪು ಧೂಳೆಬ್ಬಿಸಿ ಆಡುತ್ತಿತ್ತು. ಮುಂದಿನ ತಿಂಗಳು ತಂಡ ಇನ್ನೊಂದು ಪಂದ್ಯಾವಳಿಗೆ ಕೊಲ್ಲಾಪುರಕ್ಕೆ ಹೋಗಬೇಕು. ಅಲ್ಲಿ ಪಂದ್ಯಗಳೆಲ್ಲ ದೀಪದ ಬೆಳಕಿನಲ್ಲಿ, ಸಂಜೆ ಆರರ ಮೇಲೆ. ವ್ಯಾಪಾರಿ ನೇರವಾಗಿ ಹೇಳಿದರು. "ಅಕ್ಕೋರ ಮ್ಯಾಲ ನನಗ ಭಾಳ ಗೌರವ ಐತ್ರಿ. ಆದ್ರ ಒಬ್ಬರ ಊಟದ ಸಲುವಾಗಿ ಕಪ್ ಹೋತು. ಆ ಹುಡಿಗಿ ರವಿವಾರದ ಗುಂಪಿನ್ಯಾಗ ಆಡ್ಲಿ." ಒಂದಿಬ್ಬರು ತಲೆಯಾಡಿಸಿದರು. ಕೋಚ್ ಕೈಯಲ್ಲಿ ಕೊಲ್ಲಾಪುರದ ಪಟ್ಟಿ ಹಿಡಿದು ನೆಲ ನೋಡುತ್ತಿದ್ದ.

ನಾನು ಎದ್ದೆ. ತಪ್ಪು ನನ್ನದು, ಹುಡುಗಿಯದಲ್ಲ, ಶಿಕ್ಷೆ ನನಗೆ ಕೊಡಿ ಎಂದು ಹೇಳಬೇಕೆಂದು ಮನೆಯಿಂದಲೇ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆಯುವುದರೊಳಗೆ, "ಆಯಿ, ಕುಂದರು," ಎಂದಿತು ಹಿಂದಿನಿಂದ ದನಿ. ಆಡುವುದು ಬಿಟ್ಟು ಬಂದಿದ್ದಳು, ಬೆವರು ಇಳಿಯುತ್ತಿತ್ತು. ನಾನು ಕುಳಿತೆ. ನನ್ನನ್ನು ಹಾಗೆ ಕೂರಿಸಿದವರು ಈ ತನಕ ಯಾರೂ ಇರಲಿಲ್ಲ.

"ಸರ್, ಕೊಲ್ಲಾಪುರದಾಗ ನಾ ಐದಕ್ಕ ಉಣ್ಣತೀನ್ರಿ. ನನ್ನ ಡಬ್ಬಿ ನಾನೇ ತರತೀನಿ. ಚಿಕ್ಕೋಡ್ಯಾಗ ಎರಡನೇ ಭಾಗ ಆಡೀನಿ, ಬಿದ್ದಿಲ್ಲ. ನೀವ ನೋಡೀರಿ," ಎಂದಳು. ಆಮೇಲೆ ವ್ಯಾಪಾರಿಯ ಕಡೆ ತಿರುಗಿದಳು. "ಕಾಕಾ, ಇದು ಆಯಿ ಹೇಳಿದ್ಲಂತ ಹಿಡಿದಿದ್ದಲ್ರಿ. ಆಯಿ ಮೊನ್ನೆ ಬಿಡು ಅಂದ್ಲು. ನಾ ಬಿಡಲಿಲ್ಲ. ನಾನೇ ಕೈ ಮುಗಿದು ತಗೊಂಡೀನಿ, ಇದು ನಂದು. ಆಟಾನೂ ನಂದು. ಎರಡೂ ಆಗಂಗಿಲ್ಲಂದ್ರ ಆಡಿಸಿ ನೋಡಿ ಹೇಳ್ರಿ. ಆಡಸದ ಹೇಳಬ್ಯಾಡ್ರಿ."

ನಾನು ನೆಲ ನೋಡುತ್ತಿದ್ದೆ. ಬಸದಿಯ ಮೆಟ್ಟಿಲಿನಲ್ಲಿ ನಾಲ್ಕು ಜನಕ್ಕೆ ನನ್ನನ್ನು ನೋಡಿ ಕಲಿತಳು ಎಂದಿದ್ದೆನಲ್ಲ, ಅದನ್ನು ಹೋಗಿ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಅವಳು ನನ್ನ ಹಿಂದೆ ಬಂದವಳಲ್ಲ. ತನ್ನ ದಾರಿಯಲ್ಲಿ ತಾನು ನಿಂತವಳು, ಆ ದಾರಿ ನನ್ನದರ ಪಕ್ಕದಲ್ಲಿತ್ತು, ಅಷ್ಟೆ.

ಕೋಚ್ ಕಿಸೆಯಿಂದ ಪೆನ್ನು ತೆಗೆದ. ಪಟ್ಟಿಯ ಎಡಬದಿಯ ಜಾಗದಲ್ಲಿ ಅವಳ ಹೆಸರು ಬರೆದು, "ಆಡಿಸಿ ನೋಡೂಣು," ಎಂದ. ವ್ಯಾಪಾರಿ ಮೀಸೆ ಸವರಿಕೊಂಡು, ಆಗಲಿ ಎಂದರು. ನನಗೆ ಉಸಿರು ಬಂತು. ಆದರೆ ಹುಡುಗಿ ಇನ್ನೂ ಹೋಗಿರಲಿಲ್ಲ.

"ಇನ್ನೊಂದು ಐತ್ರಿ ಸರ್," ಎಂದಳು. "ಆಯಿ ಗೆರಿ ಹಂತ್ಯಾಕ ಕುಂತ್ರ ನನ್ನ ಲಕ್ಷ್ಯ ಆಕಿ ಕಡೆನೇ ಹೋಗತೈತಿ. ಮ್ಯಾಚಿನ್ಯಾಗ ಆಯಿನ್ನ ಒಳಗ ಬಿಡಬ್ಯಾಡ್ರಿ."

ವರ್ಷವಿಡೀ ರೊಟ್ಟಿ ಹೊತ್ತದ್ದು, ಕೊಡೆ ಹಿಡಿದು ನಡೆದದ್ದು, ಎಲ್ಲ ನಾಲಿಗೆಯ ತುದಿಗೆ ಬಂತು. ಅವಳು ನನ್ನನ್ನೇ ನೋಡುತ್ತಿದ್ದಳು. ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯೂ ಇರಲಿಲ್ಲ. ಕೋಚ್ ನನ್ನ ಅಪ್ಪಣೆಗೆ ಕಾಯುತ್ತಿದ್ದ, ಎರಡನೇ ಇಯತ್ತೆಯಲ್ಲಿ ಕಾಯುತ್ತಿದ್ದ ಹಾಗೆಯೇ. "ಬರಕೊಳ್ಳೋ ತಮ್ಮಾ. ಆಕಿ ಹೇಳಿದ್ದು ಖರೇ ಐತಿ," ಎಂದೆ.

ಈಗ ನಮ್ಮ ಮೈದಾನದಲ್ಲಿ ಪಂದ್ಯ ಇದ್ದ ದಿನ ನಾನು ಬೇಲಿಯ ಆಚೆಗೆ, ಟ್ರ್ಯಾಕ್ಟರುಗಳು ನಿಲ್ಲುವ ಕಡೆ ನಿಂತು ನೋಡುತ್ತೇನೆ. ಅಲ್ಲಿಂದ ಮುಖ ಕಾಣುವುದಿಲ್ಲ, ಎಡಗಾಲು ಮಾತ್ರ ಗುರುತು ಸಿಗುತ್ತದೆ. ಹೊಸಬರು ಯಾರಾದರೂ ನನ್ನ ವಯಸ್ಸು ನೋಡಿ, "ಇಲ್ಯಾಕ ನಿಂತೀರಿ, ಒಳಗ ಖುರ್ಚಿ ಅದಾವ, ಬರ್ರಿ," ಎಂದು ಕರೆಯುತ್ತಾರೆ. "ಇಲ್ರಿ, ನಾ ಬರಂಗಿಲ್ಲ," ಎನ್ನುತ್ತೇನೆ, ಸುತ್ತ ನಿಂತ ನಾಲ್ಕು ಮಂದಿಗೂ ಕೇಳುವ ಹಾಗೆ. "ನನ್ನ ಮೊಮ್ಮಗಳು ಬ್ಯಾಡ ಅಂದಾಳ."